ಒಂಬತ್ತು ತುಂಬಿದೆ ಅಂತ ಹೇಳೋರು ಯಾರು? ಇಂಗ್ಲೆಂಡಿನ ಮಿಲ್ಲು ಮಕ್ಕಳ ಕಾನೂನಿನ ಹಿನ್ನೆಲೆ

ಇಂಗ್ಲೆಂಡಿನ ಬಟ್ಟೆ ಮಿಲ್ಲುಗಳಲ್ಲಿ ಮಕ್ಕಳ ದುಡಿಮೆ ನಿಂತಿದ್ದು ಯಾವಾಗ ಅಂತ ಕೇಳಿದ್ರೆ ಒಬ್ರು 1833 ಅಂತಾರೆ, ಇನ್ನೊಬ್ರು 1847 ಅಂತಾರೆ. ಎರಡೂ ಸರಿಯಲ್ಲ. ಅಲ್ಲಿ ಕಾಯ್ದೆ ಮೇಲೆ ಕಾಯ್ದೆ ಬಂತು, ಒಂದು ಹತ್ತಿಗೆ ಮಾತ್ರ, ಇನ್ನೊಂದರಲ್ಲಿ ರೇಷ್ಮೆಗೆ ವಿನಾಯಿತಿ, ಒಂದು ಕಡೆ ವಯಸ್ಸು ಏರಿಸಿದ್ರೆ ಮುಂದಿನದರಲ್ಲಿ ಇಳಿಸಿದ್ರು. ಅದಕ್ಕೇ ಈ ವಿಷಯ ಓದೋಕೆ ಕೂತ್ರೆ ತಲೆ ಕೆಡುತ್ತೆ.

ಶುರುವಾಗಿದ್ದು ಅನಾಥ ಮಕ್ಕಳಿಂದ. ಮೊದಮೊದಲ ಮಿಲ್ಲುಗಳು ನಡೀತಿದ್ದಿದ್ದು ನೀರಿನ ಬಲದಿಂದ, ಅಂದ್ರೆ ಊರಾಚೆ ಹೊಳೆ ಪಕ್ಕ, ಅಲ್ಲಿ ಕೆಲಸಕ್ಕೆ ಜನ ಸಿಗ್ತಿರಲಿಲ್ಲ, ಹಾಗಾಗಿ ಬಡವರ ಆಶ್ರಮಗಳಲ್ಲಿದ್ದ ಮಕ್ಕಳನ್ನ ಅಪ್ರೆಂಟಿಸ್ ಅಂತ ಬರೆಸಿ ವರ್ಷಗಟ್ಟಲೆಗೆ ಕಳಿಸಿಬಿಡ್ತಿದ್ರು. 1802ರ ಮೊದಲ ಕಾಯ್ದೆ ಇವರಿಗೇ ಅಂತ ಬಂದಿದ್ದು, ತಂದವರು ಸರ್ ರಾಬರ್ಟ್ ಪೀಲ್, ಅವರೇ ಸ್ವತಃ ಮಿಲ್ ಮಾಲೀಕರು. ದಿನಕ್ಕೆ 12 ಗಂಟೆ ಮೀರಬಾರದು, ಗೋಡೆಗೆ ವರ್ಷಕ್ಕೆ ಎರಡು ಸಲ ಸುಣ್ಣ ಹೊಡೀಬೇಕು ಅಂತೆಲ್ಲ ಇತ್ತು. ಆದ್ರೆ ಅಷ್ಟರಲ್ಲಿ ಹಬೆ ಯಂತ್ರ ಬಂದು ಮಿಲ್ಲುಗಳು ಊರೊಳಗೇ ಬಂದ್ವು, ಅಪ್ಪ ಅಮ್ಮ ಇರೋ ಮಕ್ಕಳೇ ಕೆಲಸಕ್ಕೆ ಸಿಕ್ರು, ಅವರು ಅಪ್ರೆಂಟಿಸ್‌ಗಳಲ್ಲ ಅಲ್ವಾ, ಕಾಯ್ದೆ ಅವರಿಗೆ ತಾಗಲೇ ಇಲ್ಲ. 1819ರಲ್ಲಿ ಹತ್ತಿ ಮಿಲ್ಲುಗಳಲ್ಲಿ 9 ವರ್ಷದೊಳಗಿನವರು ಬೇಡ ಅಂದ್ರು, ಆದ್ರೆ ನೋಡೋಕೆ ಇನ್ಸ್‌ಪೆಕ್ಟರೇ ಇರಲಿಲ್ಲ.

ಅಷ್ಟಕ್ಕೂ ಚಿಕ್ಕ ಮಕ್ಕಳೇ ಯಾಕೆ? ಕೂಲಿ ಕಮ್ಮಿ ಅನ್ನೋದು ಒಂದು. ಇನ್ನೊಂದು, ಕೆಲಸವೇ ಹಾಗಿತ್ತು, ನೂಲು ಹರಿದಾಗ ಓಡಿ ಹೋಗಿ ತುದಿಗೆ ತುದಿ ಸೇರಿಸಬೇಕು, ಓಡ್ತಿರೋ ಮಷೀನಿನ ಕೆಳಗೆ ತೆವಳಿಕೊಂಡು ಹೋಗಿ ಬಿದ್ದ ಹತ್ತಿ ಗುಡಿಸಿ ತರಬೇಕು. ದೊಡ್ಡವರು ಆ ಸಂದಿಯಲ್ಲಿ ನುಗ್ಗೋಕಾಗಲ್ಲ. ಎಷ್ಟೋ ಕಡೆ ಈ ಮಕ್ಕಳನ್ನ ಕೆಲಸಕ್ಕೆ ಇಟ್ಕೊಳ್ತಿದ್ದಿದ್ದು ಮಾಲೀಕರಲ್ಲ, ನೂಲುವವರೇ ತಮ್ಮ ಕೂಲಿಯಲ್ಲಿ ಕೊಟ್ಟು ಇಟ್ಕೊಳ್ತಿದ್ರು, ಕೆಲವೊಮ್ಮೆ ಸ್ವಂತ ಮಕ್ಕಳನ್ನೇ. ಇದು ಗೊತ್ತಿದ್ರೆ ಮುಂದಿನ ಗೋಜಲು ಅರ್ಥ ಆಗುತ್ತೆ.

1830ರಲ್ಲಿ ರಿಚರ್ಡ್ ಓಸ್ಟ್ಲರ್ ಅನ್ನೋರು ಪತ್ರಿಕೆಗೆ ಒಂದು ಪತ್ರ ಬರೆದು, ವೆಸ್ಟ್ ಇಂಡೀಸ್‌ನ ಗುಲಾಮಗಿರಿ ಬಗ್ಗೆ ಕಣ್ಣೀರು ಹಾಕ್ತೀರಲ್ಲ, ಯಾರ್ಕ್‌ಶೈರ್‌ನ ಮಕ್ಕಳದ್ದೂ ಗುಲಾಮಗಿರಿನೇ ಅಂದ್ರು. 1832ರಲ್ಲಿ ಮೈಕೇಲ್ ಸ್ಯಾಡ್ಲರ್ ಅಧ್ಯಕ್ಷತೆಯಲ್ಲಿ ಪಾರ್ಲಿಮೆಂಟಿನ ಸಮಿತಿ ಕೂತು ಸಾಕ್ಷಿ ಕೇಳ್ತು. ಒಬ್ಬ ತಂದೆ, ಕೆಲಸ ಜೋರಿದ್ದಾಗ ನನ್ನ ಹೆಣ್ಣುಮಕ್ಕಳು ಬೆಳಗಿನ ಜಾವ 3ಕ್ಕೆ ಹೋಗಿ ರಾತ್ರಿ 10ಕ್ಕೆ ಬರ್ತಿದ್ರು ಅಂದ. ಮಾಲೀಕರು ಇದು ಒಂದೇ ಕಡೆಯ ಸಾಕ್ಷಿ ಅಂದ್ರು, ಆ ಮಾತಲ್ಲೂ ಸ್ವಲ್ಪ ನಿಜ ಇತ್ತು ಅನ್ನಿ. ವರ್ಷದ ಕೊನೆಗೆ ಲೀಡ್ಸ್ ಚುನಾವಣೆಯಲ್ಲಿ ಸ್ಯಾಡ್ಲರ್ ಸೋತ್ರು, ಗೆದ್ದವರಲ್ಲಿ ಒಬ್ರು ನಮ್ಮ ಇಂಗ್ಲಿಷ್ ಶಿಕ್ಷಣದ ಮೆಕಾಲೆ! (1846ರಲ್ಲಿ ಅದೇ ಮೆಕಾಲೆ ದಿನದ ದುಡಿಮೆಯನ್ನ ಹತ್ತು ಗಂಟೆಗೆ ಇಳಿಸೋ ಮಸೂದೆ ಪರ ಭಾಷಣ ಮಾಡಿದ್ರು, ರಾಜಕೀಯ.)

ಆಮೇಲೆ ರಾಯಲ್ ಕಮಿಷನ್, ಅಂದ್ರೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ ಕೂತು ಬೇರೆಯೇ ಲೆಕ್ಕ ಹಾಕ್ತು. ಅವರ ವಾದ ಏನಂದ್ರೆ ದೊಡ್ಡವರು ಸ್ವತಂತ್ರರು, ಎಷ್ಟು ಗಂಟೆ ದುಡೀಬೇಕು ಅನ್ನೋದು ಅವರಿಷ್ಟ, ಮಕ್ಕಳಿಗೆ ಮಾತ್ರ ಸರ್ಕಾರದ ರಕ್ಷಣೆ ಬೇಕು. ಹಾಗಂತ 1833ರಲ್ಲಿ 9ರಿಂದ 13ರವರಿಗೆ ವಾರಕ್ಕೆ 48 ಗಂಟೆ, 13ರಿಂದ 18ರವರಿಗೆ 69 ಗಂಟೆ ಅಂತ ಮಾಡಿದ್ರು. ಕೇಳೋಕೆ ಚೆನ್ನಾಗಿದೆ, ಆದ್ರೆ ಮಕ್ಕಳನ್ನ ಎರಡು ತಂಡ ಮಾಡಿ ಪಾಳಿಯಲ್ಲಿ ಬಿಟ್ರೆ ಮಷೀನು ಮೊದಲಿನಷ್ಟೇ ಹೊತ್ತು ಓಡುತ್ತೆ, ದೊಡ್ಡವರೂ ಅಷ್ಟೇ ಹೊತ್ತು ನಿಲ್ಲಬೇಕು. ಮಕ್ಕಳ ಹೆಸರಲ್ಲಿ ಎಲ್ಲರಿಗೂ ಹತ್ತು ಗಂಟೆ ಸಿಗುತ್ತೆ ಅಂತ ಕಾಯ್ತಿದ್ದ ಕಾರ್ಮಿಕರು ಸಿಟ್ಟಾದ್ರು. ರೇಷ್ಮೆ ಮಿಲ್ಲಿಗಂತೂ 9ರ ಮಿತಿಯೂ ಇಲ್ಲ. ರೇಷ್ಮೆ ಎಳೆಗೆ ಎಳೇ ಬೆರಳೇ ಬೇಕು ಅನ್ನೋ ಮಾತು ನಮ್ಮ ರಾಮನಗರ, ಮಾಗಡಿ ಕಡೆಯವರಿಗೂ ಹೊಸದಲ್ಲ.

ಆದ್ರೂ 1833 ಮುಖ್ಯ ಯಾಕಂದ್ರೆ ಮೊದಲ ಸಲ ಸಂಬಳ ಕೊಟ್ಟು ಇನ್ಸ್‌ಪೆಕ್ಟರ್‌ಗಳನ್ನ ನೇಮಿಸಿದ್ರು. ಇಡೀ ದೇಶಕ್ಕೆ ನಾಲ್ಕೇ ಜನ, ಕೈಕೆಳಗೆ ಒಂದಿಷ್ಟು ಸಹಾಯಕರು. ಅವರಿಗೆ ಎದುರಾದ ಮೊದಲ ತಲೆನೋವು, ಈ ಮಗುವಿಗೆ 9 ತುಂಬಿದೆಯಾ ಅನ್ನೋದು. ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾಗಿದ್ದೇ 1837ರಲ್ಲಿ! ಹಾಗಾಗಿ ಡಾಕ್ಟರು ಮಗುವಿನ ಮೈಕಟ್ಟು ನೋಡಿ, ಸಾಮಾನ್ಯ 9 ವರ್ಷದ ಮಗುವಿನಷ್ಟಿದೆ ಅಂತ ಚೀಟಿ ಕೊಡ್ತಿದ್ರು. ಕೂಲಿ ಬಿಟ್ರೆ ಮನೆ ನಡೆಯಲ್ಲ ಅನ್ನೋ ಅಪ್ಪ ಅಮ್ಮ ವಯಸ್ಸು ಹೆಚ್ಚಿಗೆ ಹೇಳ್ತಿದ್ರು, ಮಾಲೀಕರಿಗೂ ಅದೇ ಬೇಕಿತ್ತು. ಎತ್ತರ ಅಳೆಯೋಣ ಅಂದ್ರು ಕೆಲವರು. 1837ರಲ್ಲಿ ಎಡ್ವಿನ್ ಸಾಂಡರ್ಸ್ ಅನ್ನೋ ದಂತವೈದ್ಯರು ಎತ್ತರಕ್ಕಿಂತ ಹಲ್ಲು ನಂಬಬಹುದು ಅಂತ ಪುಸ್ತಕವನ್ನೇ ಬರೆದ್ರು. ಸಂತೆಯಲ್ಲಿ ದನ ಕೊಳ್ಳೋವಾಗ ಬಾಯಿ ಬಿಡಿಸಿ ನೋಡ್ತಾರಲ್ಲ, ಹಾಗೆ.

ಶಾಲೆ ಕಥೆನೂ ಇಷ್ಟೇ. ದಿನಕ್ಕೆ 2 ಗಂಟೆ ಪಾಠ ಕಡ್ಡಾಯ ಮಾಡಿದ್ರು, ಮಗು ಶಾಲೆಗೆ ಬಂದಿತ್ತು ಅನ್ನೋ ಚೀಟಿಗೆ ಸಹಿ ಹಾಕೋಕೆ ಬರದೆ ಮೇಷ್ಟ್ರೇ ಗೀಟು ಎಳೆದು ಕೊಡ್ತಿದ್ರು. ಕೊನೆಗೆ 1844ರ ಕಾಯ್ದೆಯಲ್ಲಿ, ಚೀಟಿಯನ್ನ ಮೇಷ್ಟ್ರು ಸ್ವಂತ ಕೈಯಲ್ಲೇ ತುಂಬಬೇಕು ಅಂತ ಬರೀಬೇಕಾಯ್ತು. ಅದೇ ಕಾಯ್ದೆ ಮಷೀನಿಗೆ ಬೇಲಿ ಹಾಕಿ ಅಂತು, ಮಕ್ಕಳಿಗೆ ದಿನಕ್ಕೆ ಆರೂವರೆ ಗಂಟೆ ಸಾಕು ಅಂತು, ಮತ್ತೆ ಸದ್ದಿಲ್ಲದೆ ಕೆಲಸಕ್ಕೆ ಸೇರೋ ವಯಸ್ಸನ್ನ 9ರಿಂದ 8ಕ್ಕೆ ಇಳಿಸಿಬಿಡ್ತು. ಅರ್ಧ ದಿನ ಮಿಲ್ಲು, ಅರ್ಧ ದಿನ ಶಾಲೆ, ಹಾಫ್‌ಟೈಮರ್ ಅಂತ ಹೆಸರು.

1847ರ ಹತ್ತು ಗಂಟೆ ಕಾಯ್ದೆ ಬಂದಿದ್ದು ಹೆಂಗಸರಿಗೆ ಮತ್ತೆ 18ರೊಳಗಿನವರಿಗೆ. ಅವರು ಮನೆಗೆ ಹೋದ್ರೆ ಗಂಡಸರೂ ಕೆಲಸ ನಿಲ್ಲಿಸಲೇಬೇಕು, ಹೋರಾಟದವರ ಲೆಕ್ಕ ಅದೇ ಇತ್ತು. ಮಾಲೀಕರ ಕಡೆಯ ಲೆಕ್ಕನೂ ಇತ್ತು, ನಾಸಾ ಸೀನಿಯರ್ ಅನ್ನೋ ಅರ್ಥಶಾಸ್ತ್ರಜ್ಞ ನಿವ್ವಳ ಲಾಭ ಬರೋದೇ ದಿನದ ಕೊನೇ ಗಂಟೆಯಲ್ಲಿ ಅಂತ 1837ರಲ್ಲೇ ವಾದಿಸಿದ್ರು. ಕಾಯ್ದೆ ಬಂದ್ಮೇಲೆ ಮಿಲ್ಲುಗಳು ಮುಳುಗಲಿಲ್ಲ, ಇನ್ನೂ ಬೆಳೆದ್ವು.

ಭಾರತಕ್ಕೆ ಇದು ಬಂದಿದ್ದು 1881ರಲ್ಲಿ. ಬಾಂಬೆ ಮಿಲ್ಲುಗಳ ಪೈಪೋಟಿ ಕಂಡ ಇಂಗ್ಲೆಂಡಿನ ಲ್ಯಾಂಕಶೈರ್ ಮಿಲ್ ಮಾಲೀಕರಿಗೆ ಇಲ್ಲಿನ ಮಕ್ಕಳ ಬಗ್ಗೆ ಇದ್ದಕ್ಕಿದ್ದಂತೆ ಕನಿಕರ ಹುಟ್ತು, ಇಲ್ಲಿನ ಮಾಲೀಕರು ಇದು ದೇಶದ ಉದ್ಯಮ ತುಳಿಯೋ ಹುನ್ನಾರ ಅಂದ್ರು. ಇಬ್ಬರ ಮಾತಲ್ಲೂ ಮಕ್ಕಳು ನೆಪಕ್ಕಷ್ಟೇ ಇದ್ರು ಅಂತ ನನಗನ್ಸುತ್ತೆ. ಬಂದ ಕಾಯ್ದೆ 7 ವರ್ಷದೊಳಗಿನವರನ್ನ ತಡೀತು, 12ರವರೆಗೆ ದಿನಕ್ಕೆ 9 ಗಂಟೆ. 1891ರಲ್ಲಿ ಅದು 9 ವರ್ಷ ಆಯ್ತು, 1922ರಲ್ಲಿ 12, 1948ರಲ್ಲಿ 14. ಮಗುವಿನ ವಯಸ್ಸು, ಮೈಕಟ್ಟು ನೋಡಿ ಚೀಟಿ ಕೊಡೋ ಸರ್ಟಿಫೈಯಿಂಗ್ ಸರ್ಜನ್ ಹುದ್ದೆ ಸ್ವತಂತ್ರ ಭಾರತದ 1948ರ ಫ್ಯಾಕ್ಟರಿ ಕಾಯ್ದೆಯಲ್ಲೂ ಹಾಗೇ ಉಳೀತು.

ಅತ್ತ ಇಂಗ್ಲೆಂಡಿನ ಹಾಫ್‌ಟೈಮರ್‌ಗಳು ಎಲ್ಲಿವರೆಗೂ ಇದ್ರು ಅಂದ್ರೆ, 1880ರಲ್ಲಿ 10 ವರ್ಷದವರೆಗೆ ಶಾಲೆ ಕಡ್ಡಾಯ ಆದ್ಮೇಲೂ ಇದ್ರು, ಆ ಪದ್ಧತಿಯನ್ನ ತೆಗೆದಿದ್ದು 1918ರ ಶಿಕ್ಷಣ ಕಾಯ್ದೆ, ಅದೂ ಜಾರಿಗೆ ಬಂದಿದ್ದು 1921ರಲ್ಲಿ. ಅಂದ್ರೆ ಮೊದಲ ಕಾಯ್ದೆಯಿಂದ 119 ವರ್ಷ. ನಮ್ಮಲ್ಲಿ 2016ರ ತಿದ್ದುಪಡಿ 14ರೊಳಗಿನವರ ದುಡಿಮೆಯನ್ನ ನಿಷೇಧಿಸಿದ್ರೂ, ಅಪಾಯ ಇಲ್ಲದ ಮನೆ ಉದ್ಯಮದಲ್ಲಿ ಶಾಲೆ ಬಿಟ್ಮೇಲೆ, ರಜೆಯಲ್ಲಿ ಮಗು ಕೈಜೋಡಿಸಬಹುದು ಅಂತ ಅವಕಾಶ ಇಟ್ಟಿದೆ.