ತಕ್ಕಡಿಗೆ ಸಿಗದ ಬೊಜ್ಜು

ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಅಚ್ಚು ಹಾಕಿಸಿದರು. ಇಬ್ಬರೂ ನೋಡಲು ತೆಳ್ಳಗಿನವರೇ. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಮೈಯೊಳಗಿನ ಕೊಬ್ಬನ್ನು ಅಳೆದಾಗ ಯಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2!

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ಬರುತ್ತದೆ. ಅದರ ಲೆಕ್ಕದಲ್ಲಿ ಮಾಂಸಖಂಡವೂ ಒಂದೇ, ಕೊಬ್ಬೂ ಒಂದೇ. ನಮ್ಮ ಮಟ್ಟಿಗೆ ಇದು ಸಣ್ಣ ದೋಷವಲ್ಲ.

ತೆಳ್ಳಗಿನ ಮೈಯಲ್ಲೂ ಇಷ್ಟು ಕೊಬ್ಬು ಇರುವುದಕ್ಕೆ ಕಾರಣ ಬಸಿರಿನಲ್ಲೇ ಇರಬಹುದು. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಯಾಜ್ಞಿಕರ ತಂಡ ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳೊಂದಿಗೆ ಹೋಲಿಸಿತು. ಅಲ್ಲಿ ಸರಾಸರಿ ತೂಕ 3.5 ಕಿಲೋ, ಇಲ್ಲಿ 2.7. ನಮ್ಮ ಕೂಸುಗಳ ತೋಳು ಸಣ್ಣ, ಹೊಟ್ಟೆಯ ಸುತ್ತಳತೆಯೂ ಸಣ್ಣ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ತಾಯಿಗೆ ಪೋಷಣೆ ಸಾಲದಿದ್ದಾಗ ಭ್ರೂಣ ಮಾಂಸಖಂಡದಲ್ಲಿ ಜಿಪುಣತನ ಮಾಡಿ ಕೊಬ್ಬನ್ನು ಉಳಿಸಿಕೊಳ್ಳುತ್ತದೆ ಎಂಬುದು ಒಂದು ವಿವರಣೆ. ಬರಗಾಲಕ್ಕೆ ಕಟ್ಟಿಕೊಂಡ ಬುತ್ತಿ ಅದು.

ಆದರೆ ಆ ಮೈ ಬೆಳೆದು ನಿಂತಿದ್ದು ಬೇರೆಯದೇ ದೇಶದಲ್ಲಿ. ಒರಳು, ಬೀಸುವ ಕಲ್ಲು ಮೂಲೆ ಸೇರಿದವು, ಸೈಕಲ್ ಸ್ಕೂಟರಾಯಿತು. ತಾಳೆ ಎಣ್ಣೆಯ ಆಮದಿನಲ್ಲಿ ಜಗತ್ತಿಗೇ ನಾವು ಮೊದಲಿಗರು. ಬುತ್ತಿ ಖರ್ಚಾಗುವ ಹೊತ್ತು ಬರಲೇ ಇಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಮಹಿಳೆಯರಲ್ಲಿ ಸೂಚ್ಯಂಕ 25 ಮುಟ್ಟಿದವರು ಅಥವಾ ದಾಟಿದವರು 2015–16ರಲ್ಲಿ ಶೇ 20.6 ಇದ್ದರು, 2019–21ರಲ್ಲಿ ಶೇ 24 ಆದರು. ಕರ್ನಾಟಕದಲ್ಲಂತೂ ಶೇ 30. 2019–21ರ ಸುತ್ತಿನಲ್ಲಿ ಸಿಬ್ಬಂದಿ ಟೇಪು ಹಿಡಿದು ಸೊಂಟ, ನಿತಂಬಗಳ ಸುತ್ತಳತೆಯನ್ನೂ ತೆಗೆದರು. ಅವೆರಡರ ಅನುಪಾತ ಅಪಾಯದ ಮಟ್ಟದಲ್ಲಿದ್ದ ಮಹಿಳೆಯರು ದೇಶದಲ್ಲಿ ಸುಮಾರು ಶೇ 57! ತಕ್ಕಡಿ ನಾಲ್ವರಲ್ಲಿ ಒಬ್ಬಳನ್ನು ಹಿಡಿದರೆ, ದರ್ಜಿಯ ಟೇಪು ಇಬ್ಬರಲ್ಲಿ ಒಬ್ಬಳಿಗಿಂತ ಹೆಚ್ಚು ಮಂದಿಯನ್ನು ಹಿಡಿಯಿತು. (ತೂಕ ಸರಿಯಿದೆ ಎಂದು ಬೀಗುತ್ತಿದ್ದ ಈ ಲೇಖಕನೂ ಟೇಪಿನ ಮುಂದೆ ಉಸಿರು ಬಿಗಿಹಿಡಿದು ನಿಂತವನೇ. ಭಾರತೀಯ ಗಂಡಸರಿಗೆ ವೈದ್ಯರು ಹೇಳುವ ಸೊಂಟದ ಮಿತಿ 90 ಸೆಂಟಿಮೀಟರ್, ಹೆಂಗಸರಿಗೆ 80.)

ಅದೇ ಸಮೀಕ್ಷೆಯಲ್ಲಿ ರಕ್ತಹೀನತೆ ಇದ್ದ ಮಹಿಳೆಯರೂ ಶೇ 57. ಸುಮ್ಮನೆ ಕೂಡಿ ಕಳೆದರೂ ನೂರರಲ್ಲಿ ಹೆಚ್ಚುಕಡಿಮೆ ಹದಿನಾಲ್ಕು ಮಂದಿಯಾದರೂ ಎರಡೂ ಪಟ್ಟಿಯಲ್ಲಿ ಇರಲೇಬೇಕು: ಸೊಂಟದಲ್ಲಿ ಕೊಬ್ಬು, ರಕ್ತದಲ್ಲಿ ಹಿಮೊಗ್ಲೋಬಿನ್ ಕೊರತೆ. ಮುಂದಿನ ಪೀಳಿಗೆಯ ಬುತ್ತಿ ಕಟ್ಟುತ್ತಿರುವವರಲ್ಲಿ ಇವರೂ ಇದ್ದಾರೆ.