ಎಷ್ಟು ರೌಂಡು ಸವಾರಿ ಎಂದು ಕೇಳಬೇಡಿ

"ನಮ್ ಹೈದನ್ನ ಕುದ್ರೆ ಮ್ಯಾಲೆ ಎಂದು ಕೂರಿಸ್ತೀರಿ ಡಾಕ್ಟ್ರೇ? ಎಷ್ಟು ರೌಂಡು ಹೊಡುದ್ರೆ ಕುಡಿಯೋದ ಬುಡ್ತಾನೆ?" ಪಾಂಡವಪುರ ಕಡೆಯ ತಾಯಿಯೊಬ್ಬರು ಹೀಗೆ ಕೇಳಿದರು. ಮೈಸೂರಿನವರು ಇದನ್ನೇ ನಾಜೂಕಾಗಿ "ಒಟ್ಟು ಎಷ್ಟು ಸೆಷನ್ ಬೇಕಾಗುತ್ತೆ ಸಾರ್?" ಅನ್ನುತ್ತಾರೆ. ದಸರೆ ಹತ್ತಿರವಾಗಿ ಅಶ್ವಾರೋಹಿ ಪೊಲೀಸರ ಕುದುರೆಗಳು ತಾಲೀಮಿಗೆ ಬೀದಿಗಿಳಿದರೆ ಮುಗಿಯಿತು, ಇದೇ ಪ್ರಶ್ನೆ ಮತ್ತೆ ಮತ್ತೆ.

ಕುಡಿತ ಬಿಡಿಸುವ ಚಿಕಿತ್ಸೆಯ ಜೊತೆಗೆ ನಮ್ಮ ಕುದುರೆ ಲಾಯಕ್ಕೆ ಬರುವವರು ಕುದುರೆ ಹತ್ತುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಂದು ಲದ್ದಿ ಬಾಚುತ್ತಾರೆ, ನೀರಿಡುತ್ತಾರೆ, ಮೈ ಉಜ್ಜುತ್ತಾರೆ, ಗೊರಸು ಕೆರೆದು ಶುಚಿ ಮಾಡುತ್ತಾರೆ. ಆಮೇಲೆ ಆಪ್ತಸಮಾಲೋಚಕರ ಜೊತೆ ಕೂತು ಮಾತು. ಅಷ್ಟೇ. ಇದು ಔಷಧಿಗೆ ಬದಲಿ ಅಲ್ಲ. ಔಷಧಿ, ಸಮಾಲೋಚನೆ, ಮನೆಯವರ ಸಹಕಾರ ಇವುಗಳ ಪಕ್ಕದಲ್ಲಿ ನಿಲ್ಲುವ ಕೆಲಸ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಮನೆಯವರಿಗೆ ನಾವು "ಕುಡಿದು ಬಂದರೆ ಲಾಯದೊಳಗೆ ಬಿಡುವುದಿಲ್ಲ" ಎಂದಿದ್ದೆವು. ಅವರು ಪಾಪ, ಮಗನನ್ನು ರೂಮಿನಲ್ಲಿ ಕೂಡಿಹಾಕಿ ತಾವೇ ಅವನ ಕುಡಿತ ನಿಲ್ಲಿಸಿದರು. ಎರಡನೇ ದಿನ ನಮ್ಮಲ್ಲಿಗೆ ಕರೆತರುವಾಗ ಬಸ್ಸಿನಲ್ಲೇ ಫಿಟ್ಸ್ ಬಂತು. ಬದುಕಿಕೊಂಡ. ಮಾತನ್ನು ಅರ್ಧಕ್ಕೇ ಬಿಟ್ಟದ್ದು ನಮ್ಮ ತಪ್ಪು, ಅದಕ್ಕೇ ಈಗ ಪೂರ್ತಿ ಹೇಳುತ್ತೇನೆ. ವರ್ಷಗಟ್ಟಲೆ ದಿನವೂ ಕುಡಿದ ದೇಹಕ್ಕೆ ಮದ್ಯ ದಿಢೀರನೆ ತಪ್ಪಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಮೈನಡುಕ, ಬೆವರು, ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು ಶುರುವಾದರೆ ಅದು ಜೀವಕ್ಕೇ ಕುತ್ತು. ಕುಡಿತ ಬಿಡಿಸುವುದು ವೈದ್ಯರ ಕಣ್ಣೆದುರಿಗೇ ಆಗಬೇಕು, ಮಾತ್ರೆ ಮತ್ತು ಥಯಾಮಿನ್ (ಬಿ1 ವಿಟಮಿನ್) ಜೊತೆಗೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಹಗಲು ರಾತ್ರಿ ಸಿಗುತ್ತಾರೆ. ಕೈ ನಡುಕ ನಿಂತು, ಟಿಟಿ ಇಂಜೆಕ್ಷನ್ ಆದ ಮೇಲೆ ಲಾಯದ ಮಾತು. ಆಸ್ತಮಾ ಇದ್ದವರನ್ನು, ಹತೋಟಿಗೆ ಬಾರದ ಫಿಟ್ಸ್ ಇರುವವರನ್ನು ಆಗಲೂ ಸೇರಿಸಿಕೊಳ್ಳುವುದಿಲ್ಲ. ಚಾಮುಂಡಿ ಬೆಟ್ಟದ ಬುಡದ ರೇಸ್ ಕೋರ್ಸಿನಲ್ಲಿ ಬಾಜಿ ಕಟ್ಟಿ ಮನೆ ಕಳೆದುಕೊಂಡವರಿಗೂ ಕುದುರೆ ಸಹವಾಸ ಬೇಡವೆನ್ನುತ್ತೇನೆ.

ಹಾಗಿದ್ದರೆ ಕುದುರೆಯಿಂದ ಆಗುವುದೇನು? ಆ ತಾಯಿಯ ಮಗನನ್ನೇ ನೋಡಿ. ಕಬ್ಬು ಬೆಳೆಯುವವನು, ತೋಳಲ್ಲಿ ಕಸುವಿದೆ. ಮೊದಲ ದಿನ ನಮ್ಮ ಹೆಣ್ಣು ಕುದುರೆಯ ಮುಂಗಾಲು ಹಿಡಿದು ಎಳೆದ. ಅದು ಎತ್ತಲಿಲ್ಲ. ಮತ್ತೆ ಎಳೆದ. ಅದು ತನ್ನ ಭಾರವನ್ನೆಲ್ಲ ಅದೇ ಕಾಲಿಗೆ ಹಾಕಿ ಕಿವಿ ಹಿಂದಕ್ಕೆ ಮಡಚಿತು. ಇವನ ಮುಖ ಕೆಂಪಾಯಿತು, ಬೈಗುಳ ಬಾಯಿಗೆ ಬಂತು. ಲಾಯ ನೋಡಿಕೊಳ್ಳುವ ಸಾಬರು ಬೈಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. "ಆಚೆ ಬಂದು ನಿಂತ್ಕೊಳಪ್ಪ, ಉಸಿರು ಕೆಳಕ್ಕೆ ಬರ್ಲಿ" ಅಂದರು. ಐದು ನಿಮಿಷ ಬಿಟ್ಟು ಅವನು ಭುಜದ ಪಕ್ಕದಿಂದ ಹೋಗಿ, ಅಂಗೈಯನ್ನು ಮೆಲ್ಲಗೆ ಕಾಲಿನುದ್ದಕ್ಕೂ ಇಳಿಸಿದ. ಗೊರಸು ತಾನಾಗಿ ಅವನ ಕೈಗೆ ಬಂತು. ಹಿಮ್ಮಡಿಯಿಂದ ಮುಂದಕ್ಕೆ, ನಡುವಿನ ಮೆತ್ತನೆಯ ತ್ರಿಕೋನಕ್ಕೆ ತಾಗದಂತೆ, ಮಣ್ಣು ಕೆರೆದು ತೆಗೆದ.

ಕುದುರೆ ಬೇಟೆಗೆ ಸಿಕ್ಕುವ ಜಾತಿಯ ಪ್ರಾಣಿ. ಎದುರಿಗಿರುವವನ ಬಿಗಿಯೋ ಸಡಿಲವೋ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನಾಳೆಯಿಂದ ಬಿಡ್ತೀನಿ ಅನ್ನುವ ಆಣೆ ಭಾಷೆ ಅದರ ಹತ್ತಿರ ನಡೆಯುವುದಿಲ್ಲ. ಹತ್ತು ವರ್ಷ ಮನೆಯವರಿಗೆ ಸಬೂಬು ಹೇಳಿದವನಿಗೆ ಇದು ಹೊಸ ಅನುಭವ. ಇನ್ನೊಂದು, ಹೊತ್ತಿಗೆ ಸರಿಯಾಗಿ ಏಳುವುದು. ಹುರುಳಿ, ಹುಲ್ಲಿನ ಹೊತ್ತು ತಪ್ಪಿದರೆ ಕುದುರೆಗೆ ಹೊಟ್ಟೆನೋವು ಬರಬಹುದು. ವಾಂತಿ ಮಾಡಿ ಹಗುರಾಗುವ ಶಕ್ತಿ ಅದಕ್ಕಿಲ್ಲ.

ಪುರಾವೆ ಎಷ್ಟಿದೆ ಎಂದು ಕೇಳುವವರೂ ಇದ್ದಾರೆ, ಕೇಳಲೇಬೇಕು. ನಾರ್ವೆಯ ಓಸ್ಲೋದಲ್ಲಿ ವ್ಯಸನದ ಚಿಕಿತ್ಸೆಗೆ ಬಂದ 108 ಯುವಜನರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕುದುರೆಗಳೊಂದಿಗೆ ಕೆಲಸ ಮಾಡಿದವರಲ್ಲಿ ಚಿಕಿತ್ಸೆ ಪೂರ್ತಿ ಮುಗಿಸಿದವರು ಹೆಚ್ಚು. ಆದರೆ ಯಾರಿಗೆ ಕುದುರೆ, ಯಾರಿಗೆ ಇಲ್ಲ ಎಂದು ಚೀಟಿ ಎತ್ತಿ ಹಂಚಿರಲಿಲ್ಲ. ಹುರುಪಿದ್ದವರೇ ಆ ಕಡೆ ಹೋಗಿರಬಹುದು. ನಡುವೆ ಬಿಟ್ಟುಹೋಗದಂತೆ ಹಿಡಿದಿಡಲು ನೆರವಾದೀತು, ಅಷ್ಟನ್ನೇ ನಾನು ಹೇಳಬಲ್ಲೆ.

ಲದ್ದಿ ಬಾಚುತ್ತಿದ್ದ ಮಗನನ್ನು ಕಂಡು ಆ ತಾಯಿಗೆ ಸಿಟ್ಟೇ ಬಂದಿತ್ತು. "ಸಗಣಿ ಬಾಚಕ್ಕೆ ಇಲ್ಲಿಗ್ ಬರಬೇಕಿತ್ತಾ? ನಮ್ ಕೊಟ್ಟಿಗೇಲಿ ಎರಡು ಹಸ ಅವೆ!"

ನ್ಯಾಯವಾದ ಮಾತು. "ಆ ಹಸಗಳನ್ನ ಅವನ ಕೈಗೆ ಬಿಟ್ಟಿದ್ದೀರಾ ಅಮ್ಮಾ?" ಎಂದೆ. ಇಲ್ಲ. ಅವನು ಏಳುವುದಿಲ್ಲವೆಂದು ನಾಲ್ಕು ವರ್ಷದಿಂದ ಅವರೇ ಎದ್ದು ಎಲ್ಲ ಮಾಡುತ್ತಿದ್ದರು. ಹಾಲಿನ ದುಡ್ಡು ಕೈಗೆ ಸಿಕ್ಕೀತೆಂದು ಡೈರಿಗೂ ಕಳಿಸುತ್ತಿರಲಿಲ್ಲ. ತಪ್ಪೆನ್ನಲಾರೆ, ಸುಟ್ಟುಕೊಂಡ ಜೀವ ಅದು. ಊರಿಗೆ ಹೋದ ಮೇಲೆ ಬೆಳಗಿನ ಕೊಟ್ಟಿಗೆ ಕೆಲಸ ಪೂರ್ತಿ ಅವನದು, ನೀವು ಏಳಬಾರದು, ಮಾತ್ರೆ ಮಾತ್ರ ನಿಮ್ಮೆದುರಿಗೇ ನುಂಗಲಿ ಎಂದು ಹೇಳಿ ಕಳಿಸಿದೆ.

ಮೊನ್ನೆ ಫೋನ್ ಮಾಡಿದ್ದರು. ಸವಾರಿಯ ಮಾತೆತ್ತಲಿಲ್ಲ. "ಕೋಳಿ ಕೂಗೋ ಹೊತ್ಗೇ ಎಚ್ಚರಾಯ್ತದೆ ಡಾಕ್ಟ್ರೇ. ಏಳಕ್ಕಿಲ್ಲ, ಹಂಗೇ ಮಲ್ಗಿರ್ತೀನಿ. ಕೊಟ್ಟಿಗೇಲಿ ಬಕೀಟಿನ ಸದ್ದು ಕೇಳ್ದ ಮ್ಯಾಕೆ ಮಗ್ಗಲು ಬದಲಾಯಿಸ್ತೀನಿ."