ವೋಲ್ಟ್ ಅಳೆದದ್ದು ಎಲ್ಲಿ?

ಹೀಟರಿನ ಪ್ಲಗ್ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿದೆ ಎಂದು ಕರೆ ಬಂದಿತ್ತು. ನಾನು ಹೋಗುವಷ್ಟರಲ್ಲಿ ನಮ್ಮ ಹುಡುಗ ಲೆಕ್ಕ ಮುಗಿಸಿದ್ದ. ನೀರು ಕಾಯಿಸುವ ಹೀಟರ್. ಮೇಲೆ 230 ವೋಲ್ಟ್, 3000 ವ್ಯಾಟ್ ಎಂದು ಬರೆದಿತ್ತು. ಬೋರ್ಡಿನಲ್ಲಿ ಅವನು ಅಳೆದ ವೋಲ್ಟೇಜ್ 230. ಕ್ಲ್ಯಾಂಪ್ ಮೀಟರ್ ತೋರಿಸಿದ ಕರೆಂಟು 12.7 ಆಂಪಿಯರ್. "ಭಾಗಿಸಿದರೆ ರೋಧ 18.1 ಓಮ್ ಬರುತ್ತೆ ಸರ್. ಇರಬೇಕಾದದ್ದು 17.6. ಕಾಯಿಲ್ ಹಳೆಯದಾಗಿದೆ, ಅಷ್ಟೇ" ಎಂದ.

ಭಾಗಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಆ 18.1 ಓಮ್ ಕಾಯಿಲ್‌ನದ್ದಲ್ಲ. ಬೋರ್ಡಿನಿಂದ ಹೊರಟು ತಂತಿ, ಸಾಕೆಟ್, ಪ್ಲಗ್ ಪಿನ್, ಕಾಯಿಲ್ ಎಲ್ಲ ಸುತ್ತಿ ವಾಪಸ್ ಬರುವ ಇಡೀ ದಾರಿಯದ್ದು.

ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಎಷ್ಟು ಓಮ್ ಎಂದು ಬೇಕೆಂದರೆ ವೋಲ್ಟನ್ನು ಆಂಪಿಯರಿನಿಂದ ಭಾಗಿಸಬೇಕು, ವ್ಯಾಟ್ ಬೇಕೆಂದರೆ ಎರಡನ್ನೂ ಗುಣಿಸಬೇಕು. ಇದು ಹೈಸ್ಕೂಲಿನಲ್ಲೇ ಬಾಯಿಪಾಠ ಆಗಿರುತ್ತದೆ. ಯಾವ ವೋಲ್ಟ್ ಎಂಬುದನ್ನು ಮಾತ್ರ ಸೂತ್ರ ಹೇಳುವುದಿಲ್ಲ. ಯಾವುದರ ರೋಧ ಬೇಕೋ ಅದರ ಎರಡು ತುದಿಗಳ ನಡುವಿನ ವೋಲ್ಟ್ ಬೇಕು, ಅದೂ ಕರೆಂಟು ಹರಿಯುತ್ತಿರುವಾಗಲೇ ಅಳೆದದ್ದು. ಲೋಡ್ ಇಲ್ಲದಾಗ ಅಳೆದ ವೋಲ್ಟನ್ನೂ ಲೋಡ್ ಇದ್ದಾಗ ಅಳೆದ ಆಂಪಿಯರನ್ನೂ ಸೇರಿಸಿ ಮಾಡಿದ ಲೆಕ್ಕ ಆ ಒಂದು ವಸ್ತುವಿನ ರೋಧವನ್ನು ಹೇಳುವುದಿಲ್ಲ.

ಕರೆಂಟು ಹೋಯ್ತು, ಕರೆಂಟು ಬಂತು ಎನ್ನುವ ನಮ್ಮ ಮಾತಿನಲ್ಲಿ ವೋಲ್ಟೇಜ್, ಕರೆಂಟು, ವಿದ್ಯುತ್ತು ಮೂರೂ ಒಂದೇ ಆಗಿಬಿಟ್ಟಿವೆ. ಮೀಟರ್ ಕೈಗೆತ್ತಿಕೊಂಡಾಗ ಬಿಡಿಸಿ ನೋಡಲೇಬೇಕು. ಒಂದೇ ದಾರಿಯಲ್ಲಿ ಸಾಲಾಗಿ ಕೂತಿರುವ ಎಲ್ಲದರಲ್ಲೂ ಹರಿಯುವ ಕರೆಂಟು ಒಂದೇ. ವೋಲ್ಟೇಜ್ ಮಾತ್ರ ಅವುಗಳ ನಡುವೆ ಹಂಚಿಹೋಗುತ್ತದೆ, ಯಾವುದರ ರೋಧ ಎಷ್ಟೋ ಅದಕ್ಕೆ ಅಷ್ಟು ಪಾಲು.

ಹೀಟರಿನ ಮುಚ್ಚಳ ತೆಗೆದು ಕಾಯಿಲ್‌ನ ಎರಡು ಟರ್ಮಿನಲ್‌ಗಳ ಮೇಲೆ ಪ್ರೋಬ್ ಇಟ್ಟೆ. (ಕರೆಂಟು ಇರುವಾಗ ಹೀಗೆ ಅಳೆಯುವುದು ತರಬೇತಿ ಆದವರ ಕೆಲಸ, ಬೇರೆಯವರು ದಯವಿಟ್ಟು ಕೈ ಹಾಕಬೇಡಿ.) 223.5 ವೋಲ್ಟ್ ಬಂತು. ಅದನ್ನು 12.7ರಿಂದ ಭಾಗಿಸಿದರೆ ಸರಿಯಾಗಿ 17.6 ಓಮ್. ಕಾಯಿಲ್‌ಗೆ ಏನೂ ಆಗಿರಲಿಲ್ಲ. ಹಾಗಾದರೆ ದಾರಿಯಲ್ಲಿ ಆರೂವರೆ ವೋಲ್ಟ್ ಎಲ್ಲಿ ಹೋಯಿತು? ತಂತಿ 2.5 ಚದರ ಮಿಲಿಮೀಟರಿನ ತಾಮ್ರದ್ದು, ಹೋಗಿ ಬರಲು ಒಟ್ಟು ಎಂಟು ಮೀಟರ್. ಅದರ ರೋಧ ಸುಮಾರು 0.06 ಓಮ್, ಅದು ತಿನ್ನುವುದು ಮುಕ್ಕಾಲು ವೋಲ್ಟ್. ಉಳಿದ ಐದೂಮುಕ್ಕಾಲು ವೋಲ್ಟ್ ಸಾಕೆಟ್ಟಿನಲ್ಲೇ ಬೀಳುತ್ತಿತ್ತು.

ಐದೂಮುಕ್ಕಾಲು ಏನು ಮಹಾ ಅನ್ನಿಸಬಹುದು. 12.7ರಿಂದ ಗುಣಿಸಿ ನೋಡಿ: 73 ವ್ಯಾಟ್. ಸಣ್ಣ ಬೆಸುಗೆ ಕೆಲಸಕ್ಕೆ ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು, ಅದರಲ್ಲೇ ಸೀಸ ಕರಗುತ್ತದೆ. ಅಂಥ ಮೂರು ಐರನ್ನುಗಳ ಬಿಸಿ ಪಿನ್ನೂ ಸಾಕೆಟ್ಟೂ ತಾಗುವ ಬೆರಳ ತುದಿಯಷ್ಟು ಜಾಗದಲ್ಲಿ ಹುಟ್ಟುತ್ತಿತ್ತು. ಪ್ಲಗ್ ಕಿತ್ತು ನೋಡಿದರೆ ಒಂದು ಪಿನ್ನಿನ ಹಿತ್ತಾಳೆ ನೀಲಿಗಪ್ಪಾಗಿತ್ತು. ಅದರ ಬುಡದ ಪ್ಲಾಸ್ಟಿಕ್ ಉಬ್ಬಿ ಕಂದು ತಿರುಗಿತ್ತು. ಕರೆಂಟು ಮಿತಿ ಮೀರಿದಾಗ ತಾನಾಗಿ ಆಫ್ ಆಗುವ ಸ್ವಿಚ್, ಎಂಸಿಬಿ, ಇದನ್ನು ಹಿಡಿಯುವುದಿಲ್ಲ. ಲೂಸ್ ಕನೆಕ್ಷನ್ ಇದ್ದಾಗ ಕರೆಂಟು ಹೆಚ್ಚುವುದರ ಬದಲು ಸ್ವಲ್ಪ ಕಡಿಮೆಯೇ ಆಗುತ್ತದೆ. ಇದಕ್ಕೇ ನಾನು ಲೂಸ್ ಕನೆಕ್ಷನ್ನಿಗೆ ಇಷ್ಟು ಹೆದರುವುದು.

ಲೋಡ್ ಬಿದ್ದಾಗ ವೋಲ್ಟೇಜ್ ಜಾರುವ ತೊಂದರೆ ಈ ನಿಯಮಕ್ಕೆ ಹೆಸರು ಕೊಟ್ಟ ಗೇಯೊರ್ಗ್ ಓಮ್ ಅವರನ್ನೂ ಬಿಟ್ಟಿರಲಿಲ್ಲ. ಅವರ ಮೊದಲ ಪ್ರಯೋಗಗಳಲ್ಲಿ ಬ್ಯಾಟರಿಯ ವೋಲ್ಟೇಜೇ ಸ್ಥಿರವಾಗಿ ನಿಲ್ಲದೆ 1825ರಲ್ಲಿ ಪ್ರಕಟಿಸಿದ ಸೂತ್ರ ತಪ್ಪಾಯಿತು. ಆಮೇಲೆ ಅವರು ಬ್ಯಾಟರಿ ಬಿಟ್ಟು, ಎರಡು ಬೆಸುಗೆಗಳ ಬಿಸಿಯ ವ್ಯತ್ಯಾಸದಿಂದ ವೋಲ್ಟೇಜ್ ಹುಟ್ಟಿಸುವ ತಾಮ್ರ–ಬಿಸ್ಮತ್ ಜೋಡಿ ಹಿಡಿದರು. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಅದರಿಂದ ಬರುವ ವೋಲ್ಟೇಜ್ ಅಲ್ಪ, ಆದರೆ ಅಲುಗಾಡದು. ನಾವು ಇಂದು ಬಳಸುವ ಸಂಬಂಧ ಸಿಕ್ಕಿದ್ದು ಅದರಿಂದ. 1827ರಲ್ಲಿ ಅದು ಅವರ ಪುಸ್ತಕದಲ್ಲಿ ಬಂತು.

ವೋಲ್ಟೇಜ್ ಇಳಿದರೆ ಬಿಸಿ ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗೂ ಬಹಳ ಜನ ತಪ್ಪು ಉತ್ತರ ಕೊಡುತ್ತಾರೆ. 230ರ ಜಾಗದಲ್ಲಿ 180 ಬಂದರೆ ಇದೇ ಕಾಯಿಲ್‌ನಲ್ಲಿ ಕರೆಂಟೂ 10.2 ಆಂಪಿಯರಿಗೆ ಇಳಿಯುತ್ತದೆ. ಎರಡೂ ಇಳಿದದ್ದರಿಂದ ಸಾಮರ್ಥ್ಯ 1840 ವ್ಯಾಟಿನ ಆಸುಪಾಸು. ವೋಲ್ಟೇಜ್ ಶೇ. 22ರಷ್ಟು ಇಳಿದರೆ ಬಿಸಿ ಶೇ. 39ರಷ್ಟು ಹೋಯಿತು.

ಮಲ್ಟಿಮೀಟರಿನಲ್ಲಿ ನೇರವಾಗಿ ಓಮ್ ನೋಡಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಸಪ್ಲೈ ಕಳಚಿದ ಮೇಲೆ ನೋಡಬಹುದು. ಹೀಟರ್ ಕಾಯಿಲ್ ನೈಕ್ರೋಮ್ ಎಂಬ ಮಿಶ್ರಲೋಹದ್ದಾದ್ದರಿಂದ ತಣ್ಣಗಿದ್ದರೂ ಬಿಸಿಯಾದರೂ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಳೆಯ 60 ವ್ಯಾಟ್ ಫಿಲಮೆಂಟ್ ಬಲ್ಬಿನಲ್ಲಿ ಹಾಗಲ್ಲ. ಉರಿಯುವಾಗ ಅದು ಎಳೆಯುವುದು 0.26 ಆಂಪಿಯರ್, ರೋಧ ಸುಮಾರು 880 ಓಮ್. ಆರಿಸಿ ತಣ್ಣಗಾದ ಮೇಲೆ ಅಳೆದರೆ ಅದರ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ ತೋರಿಸುತ್ತದೆ. ಆ ಅಂಕಿ ಹಿಡಿದು ವ್ಯಾಟ್ ಲೆಕ್ಕ ಹಾಕಿದರೆ 600 ದಾಟುತ್ತದೆ. ಇಂಥ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣವೇ ಸುಟ್ಟುಹೋಗುವುದಕ್ಕೂ ತಣ್ಣಗಿದ್ದಾಗಿನ ಈ ಕಡಿಮೆ ರೋಧವೇ ಮುಖ್ಯ ಕಾರಣ.

ಮೋಟಾರಿನ ಲೆಕ್ಕ ಬೇರೆ. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಮೋಟಾರು 1150 ವ್ಯಾಟ್ ತಿನ್ನುತ್ತದೆ ಎನ್ನುವಂತಿಲ್ಲ. ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) 0.8 ಇದ್ದರೆ ಅದು 920 ವ್ಯಾಟ್. ಅಲ್ಲಿ 230ನ್ನು 5ರಿಂದ ಭಾಗಿಸಿ ಬರುವ 46 ಓಮ್ ಸುರುಳಿಯ ರೋಧವೂ ಅಲ್ಲ.

ಹೀಟರಿಗೆ ಹೊಸ ಸಾಕೆಟ್ಟು, ಹೊಸ ಪ್ಲಗ್ ಹಾಕಿ, ತಂತಿಯ ತುದಿ ಹೊಸದಾಗಿ ಸುಲಿದು ಸ್ಕ್ರೂ ಬಿಗಿ ಮಾಡಿದೆವು. ಹತ್ತು ನಿಮಿಷ ಓಡಿಸಿದ ಮೇಲೆ ಹುಡುಗನ ಕೈಗೆ ಮೀಟರ್ ಕೊಟ್ಟೆ. ಈ ಸಲ ಅವನು ಬೋರ್ಡಿನಲ್ಲೂ ಅಳೆದ, ಕಾಯಿಲ್‌ನ ಟರ್ಮಿನಲ್‌ಗಳಲ್ಲೂ ಅಳೆದ: 230, 229.2. ಕ್ಲ್ಯಾಂಪ್ ಮೀಟರಿನಲ್ಲಿ 13 ಆಂಪಿಯರ್. ಆಮೇಲೆ ಸಪ್ಲೈ ತೆಗೆದು ಪಿನ್ ಮುಟ್ಟಿ ನೋಡಿದ, ಬೆಚ್ಚಗೂ ಇರಲಿಲ್ಲ.